ರೇಸ್ ವೈರು ಕಟ್ಟುವ ಮುನ್ನ

ಕಾಫಿಯ ಬೆಲೆಯನ್ನೂ ಅಡಿಕೆಯ ಕೊಳೆರೋಗವನ್ನೂ ಬದಿಗಿಟ್ಟು ಈ ಸಂಚಿಕೆಯಲ್ಲಿ ಒಂದು ಕಾರಿನ ವೈರಿನ ವಿಷಯ ಬರೆಯಲು ಹೊರಟಿದ್ದೇವೆ. ಕಾರ್ಯದರ್ಶಿಗಳಿಗೆ ಬಿಸಿಲು ತಲೆಗೇರಿತೆಂದು ಸದಸ್ಯ ಬಂಧುಗಳು ಭಾವಿಸಬಾರದು. ಬಿಸಿಲು ಏರಿದ್ದಂತೂ ನಿಜ, ಏಕೆಂದರೆ ವೈಶಾಖದ ನಾಲ್ಕು ದಿನಗಳನ್ನು ನಾವು ಬೀದರ ಜಿಲ್ಲೆಯ ನಿರ್ಣಾದಲ್ಲಿ ಕಳೆದು ಬಂದೆವು. ಆದರೆ ಅಲ್ಲಿ ನೋಡಿದ, ಕೈಯಾರೆ ಮಾಡಿದ ಕೆಲಸ ನಮ್ಮ ತೋಟದ ಜೀಪಿಗೂ ಪವರ್ ಟಿಲ್ಲರಿಗೂ ಔಷಧಿ ಹೊಡೆಯುವ ಇಂಜಿನ್ನಿಗೂ ಅಷ್ಟೇ ಸಂಬಂಧಪಟ್ಟದ್ದು. ಇವೆಲ್ಲಕ್ಕೂ ಒಂದು ರೇಸ್ ವೈರು ಇದೆ. ಅದು ಸರಿಯಿರುವವರೆಗೆ ಯಾರೂ ಅದರತ್ತ ನೋಡುವುದಿಲ್ಲ.

ನಿರ್ಣಾದವರೊಬ್ಬರು ಧಾರವಾಡದ ಕೃಷಿ ಕಾಲೇಜಿನಲ್ಲಿ ನಮ್ಮ ಸಹಪಾಠಿಗಳು, ಹಾಸ್ಟೆಲಿನಲ್ಲಿ ಒಂದೇ ಕೋಣೆಯವರು. ಅವರ ಮಗಳ ಮದುವೆಗೆಂದು ಹೋದೆವು. ಕಲಬುರಗಿಯವರೆಗೆ ಬಸ್ಸು, ಅಲ್ಲಿಂದ ಹುಮನಾಬಾದಿಗೆ 2017ರ ಅಕ್ಟೋಬರಿನಲ್ಲಿ ಆರಂಭವಾದ ಬೀದರ ಮಾರ್ಗದ ರೈಲು. ಮಲೆನಾಡಿನ ಕಣ್ಣಿಗೆ ಆ ನಾಡು ಮೊದಲು ಬರೀ ಬಯಲಾಗಿ ಕಾಣುತ್ತದೆ. ಎರಡು ದಿನ ಕಳೆದರೆ ಕೆಂಪು ಜಂಬಿಟ್ಟಿಗೆಯ ದಿಣ್ಣೆ, ಕೆಳಗಿನ ಕಪ್ಪು ಹೊಲ, ತೊಗರಿ ಕಟಾವಾದ ಕೂಳೆ, ನೀರಿದ್ದಲ್ಲಿ ಕಬ್ಬು, ಹೀಗೆ ಒಂದೊಂದೇ ಬೇರೆಯಾಗಿ ತೋರುತ್ತದೆ. ಧೂಳು ಮಾತ್ರ ಮೊದಲ ಗಂಟೆಯಿಂದಲೇ ಪರಿಚಯವಾಗುತ್ತದೆ. ಈ ಧೂಳಿಗೂ ನಮ್ಮ ವೈರಿಗೂ ಸಂಬಂಧವಿದೆ, ಮುಂದೆ ಹೇಳುತ್ತೇವೆ.

ಗೆಳೆಯರ ಮಗ ಇಂಜಿನಿಯರಿಂಗ್ ಮುಗಿಸಿ ಮನೆಗೆ ಬಂದವನು ಎರಡು ವರ್ಷದಿಂದ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಂದು ಕಾರು ಕಟ್ಟುತ್ತಿದ್ದ. ಇದಕ್ಕೆ ಕಿಟ್ ಕಾರು ಎಂದು ಹೆಸರು. ಬಿಡಿಭಾಗಗಳನ್ನು ಗಂಟಾಗಿ ಕೊಂಡು ತಂದು ಮನೆಯಲ್ಲೇ ಜೋಡಿಸಿಕೊಳ್ಳುವ ಗಾಡಿ. ಇಂಗ್ಲೆಂಡಿನಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಪುಟ್ಟ ಕಾರು ಇದಕ್ಕೆ ಹೆಸರುವಾಸಿ. ಆಗ ಅಲ್ಲಿ ಪೂರ್ತಿ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಗಂಟಿಗೆ ಇರಲಿಲ್ಲ. ಹಾಗಾಗಿ ಅನೇಕರು ಸ್ಪ್ಯಾನರು ಹಿಡಿದರು. ನಮ್ಮ ದೇಶದಲ್ಲಿ ಮಹಾರಾಷ್ಟ್ರದ ಆಲಿಬಾಗಿನ ಚಿಂಕಾರಾ ಮೋಟರ್ಸ್‌ನವರು ಅದೇ ಮಾದರಿಯ ಗಾಡಿಗೆ ಅಂಬಾಸಡರಿನ 1.8 ಲೀಟರ್ ಇಸುಜು ಇಂಜಿನ್ ಕೂರಿಸಿದ್ದರು. ನಿರ್ಣಾದ ಹುಡುಗನಿಗೆ ಗಂಟು ಕೊಳ್ಳುವಷ್ಟು ಹಣ ಎಲ್ಲಿಂದ ಬರಬೇಕು? ಚೌಕಟ್ಟನ್ನು ತಾನೇ ಪೈಪು ಕತ್ತರಿಸಿ ವೆಲ್ಡ್ ಮಾಡಿದ್ದ. ಇಂಜಿನ್ನೂ ಗೇರ್ ಪೆಟ್ಟಿಗೆಯೂ ಗುಜರಿಗೆ ಹೋಗುತ್ತಿದ್ದ ಹಳೆಯ ಮಾರುತಿ 800ರದ್ದು. ಮೂರು ಸಿಲಿಂಡರು, 796 ಸಿಸಿ, ಕಾರ್ಬುರೇಟರ್ ಕಾಲದ್ದು. 1983ರ ಡಿಸೆಂಬರಿನಲ್ಲಿ ಬಿಡುಗಡೆಯಾಗಿ 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಕಾರಿನ ಅಂಗಾಂಗಗಳು ಇಂದಿಗೂ ಯಾವ ಊರಿನಲ್ಲಾದರೂ ಸಿಗುತ್ತವೆ. ಮಾರುತಿಯಲ್ಲಿ ಮುಂದೆ ಇದ್ದ ಇಂಜಿನ್ನನ್ನು ಇವನು ಸೀಟಿನ ಹಿಂದೆ ಕೂರಿಸಿದ್ದ. ತೊಡಕು ಹುಟ್ಟಿದ್ದೇ ಅಲ್ಲಿ.

ಮದುವೆಯ ದಿನ ತಂಗಿಯನ್ನೂ ಭಾವನನ್ನೂ ಈ ಗಾಡಿಯಲ್ಲಿ ಕೂರಿಸಿ, ಹೊಲದಂಚಿನ ಗುಡಿಯಿಂದ ಮನೆಯ ಹಂದರದವರೆಗೆ ಮೆರವಣಿಗೆ ತರಬೇಕೆಂಬುದು ಅವನ ಆಸೆ. ದಾರಿ ಅವರದೇ ಹೊಲದ ಬಂಡಿದಾರಿ, ಸುಮಾರು ಮುನ್ನೂರು ಗಜ. ಮುಂದೆ ಹಲಗಿ ಬಾರಿಸುವವರು, ಸುತ್ತ ಊರಿನ ಮಕ್ಕಳು. ನಾವು ತಲುಪಿದ ಸಂಜೆ ಅವನು ಗಾಡಿಯನ್ನು ಹೊಲದಲ್ಲಿ ಓಡಿಸಿ ತೋರಿಸಿದ. ಕ್ಲಚ್ ಬಿಟ್ಟೊಡನೆ ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿತು. ಒಮ್ಮೆ ನಿಂತಂತಾಗಿ, ಒಮ್ಮೆ ನುಗ್ಗಿ, ಮತ್ತೆ ತಡೆದು, ಕೊನೆಗೊಮ್ಮೆ ಯಾರೂ ಹೇಳದೆ ಜೋರಾಗಿ ಓಡಿ ಬದುವಿನ ಬಳಿ ನಿಂತಿತು.

"ನಾ ಏನೂ ಒತ್ತಿಲ್ರಿ ಕಾಕಾ, ಅದೇ ಓಡ್ತದ" ಎಂದ ಹುಡುಗ.

"ಮೊದಲ ಎತ್ತ ಕುಣೀತಿದ್ವು, ಈಗ ಗಾಡಿ ಕುಣೀತದ ನೋಡಪಾ" ಎಂದು ಅವನ ತಂದೆ ನಕ್ಕರು. ನಮಗೆ ನಗು ಬರಲಿಲ್ಲ. ಆ ಕುಣಿತವನ್ನು ನಾವು ಹಿಂದೆ ಒಮ್ಮೆ ಕಂಡಿದ್ದೆವು.

2004ರ ಕೊಯ್ಲಿನ ಕಾಲ. ನಮ್ಮ ತಂದೆಯವರ ಕಾಲದ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಹಾಕಿಸಿದ್ದೆವು. ಆಗ ಬಹಳ ತೋಟಗಳಲ್ಲಿ ಹೀಗೆ ಮಾಡಿಸುತ್ತಿದ್ದರು. ಹಳೆಯ ಜೀಪಿನಲ್ಲಿ ಪೆಡಲಿನಿಂದ ಇಂಜಿನ್ನಿಗೆ ಕಬ್ಬಿಣದ ಕಡ್ಡಿಗಳ ಸಂಪರ್ಕ. ಹೊಸ ಇಂಜಿನ್ನಿಗೆ ಅದು ಹೊಂದದ್ದರಿಂದ ಗ್ಯಾರೇಜಿನವರು ಒಂದು ವೈರು ಎಳೆದು, ಅದರ ಹೊರಕವಚದ ತುದಿಯನ್ನು ಬಾಡಿಯ ತಗಡಿಗೆ ಕಟ್ಟು ತಂತಿಯಿಂದ ಬಿಗಿದಿದ್ದರು. ನಾವೇ ನಿಂತು ನೋಡಿ, ಕೊಯ್ಲು ತಡವಾಗುತ್ತದೆ, ಸದ್ಯಕ್ಕೆ ಸಾಕು ಎಂದೆವು. ಮೂರು ವಾರದ ಮೇಲೆ, ಕೊಯ್ಲಿನ ಹೆಂಗಸರನ್ನು ಹಿಂದೆ ಕೂರಿಸಿಕೊಂಡು ಕಲ್ಲುದಾರಿ ಏರುವಾಗ ಜೀಪು ಹೀಗೆಯೇ ಕುಪ್ಪಳಿಸಿ ನುಗ್ಗಿತು. ಕೀಲಿ ತಿರುಗಿಸಿದರೆ ಡೀಸೆಲ್ ಇಂಜಿನ್ ನಿಲ್ಲಲಿಲ್ಲ. ಅದಕ್ಕೆ ಬೇರೆ ಎಳೆಯುವ ಗುಬುಟು ಇತ್ತು, ಆ ಗಾಬರಿಯಲ್ಲಿ ಕೈಗೆ ಸಿಗಲಿಲ್ಲ. ಸಿಲ್ವರ್ ಮರವೊಂದು ನಮ್ಮನ್ನು ನಿಲ್ಲಿಸಿತು. ಒಬ್ಬರ ಹೆಗಲ ಮೂಳೆ ಮುರಿಯಿತು. ಆಸ್ಪತ್ರೆಯ ಖರ್ಚು, ಕೂಲಿ ಎಲ್ಲವನ್ನೂ ಕೊಟ್ಟೆವು, ಅದು ದೊಡ್ಡ ಮಾತಲ್ಲ. ಅವರು ಇಂದಿಗೂ ನಮ್ಮ ತೋಟಕ್ಕೆ ಬರುತ್ತಾರೆ. ಜೀಪು ಮಾತ್ರ ಹತ್ತುವುದಿಲ್ಲ, ನಡೆದೇ ಬರುತ್ತಾರೆ.

ಆದ್ದರಿಂದ ಗಾಡಿ ಶೆಡ್ಡಿಗೆ ಬಂದೊಡನೆ ನಾವು ಪಂಚೆ ಎತ್ತಿ ಕಟ್ಟಿ ನೆಲಕ್ಕೆ ಕುಳಿತು ಮೊದಲು ನೋಡಿದ್ದು ಹೊರಕವಚದ ತುದಿಯನ್ನು.

ಇಲ್ಲಿ ವೈರಿನ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದನ್ನು ಬೌಡನ್ ಕೇಬಲ್ ಎನ್ನುತ್ತಾರೆ, 1896ರಲ್ಲಿ ಅರ್ನೆಸ್ಟ್ ಮನಿಂಗ್ಟನ್ ಬೌಡನ್ ಎಂಬುವರು ಪೇಟೆಂಟ್ ಪಡೆದದ್ದು. ಒಳಗೆ ಹೆಣೆದ ಉಕ್ಕಿನ ತಂತಿ, ಹೊರಗೆ ಸುರುಳಿಯಾಗಿ ಸುತ್ತಿದ ಕವಚ. ಒಳವೈರು ಎಳೆಯುತ್ತದೆ ಎಂದಷ್ಟೇ ನಾವು ತಿಳಿದಿರುತ್ತೇವೆ. ಅದು ಅರ್ಧ ಮಾತು. ಒಳವೈರು ಎಳೆದಷ್ಟೇ ಬಲದಿಂದ ಹೊರಕವಚ ಒತ್ತಿ ನಿಲ್ಲಬೇಕು. ಬಾವಿಯಿಂದ ನೀರು ಸೇದುವಾಗ ಹಗ್ಗದಷ್ಟೇ ರಾಟೆಯ ಕಂಬವೂ ಗಟ್ಟಿಯಿರಬೇಕಲ್ಲವೇ, ಹಾಗೆ. ಕವಚದ ಎರಡು ತುದಿಗಳೂ ಅಲುಗದಂತೆ ಕೂತಿದ್ದರೆ ಪೆಡಲಿನಲ್ಲಿ ಎಳೆದಷ್ಟು ಕಾರ್ಬುರೇಟರಿನಲ್ಲಿ ಎಳೆಯುತ್ತದೆ. ಒಂದು ತುದಿ ಅಲುಗಿದರೂ ಲೆಕ್ಕ ತಪ್ಪುತ್ತದೆ.

ಅಲುಗದಂತೆ ಎಂದರೆ ಯಾವುದರ ಲೆಕ್ಕದಲ್ಲಿ ಅಲುಗದಂತೆ? ಹುಡುಗನ ಎಡವಟ್ಟು ಇಲ್ಲಿತ್ತು, ಅಂದು ನಮ್ಮ ಜೀಪಿನದೂ ಇಲ್ಲೇ. ಅವನು ಕವಚದ ಹಿಂಭಾಗದ ತುದಿಯನ್ನು ಚೌಕಟ್ಟಿನ ಪೈಪಿಗೆ ಒಳ್ಳೆಯ ಬ್ರಾಕೆಟ್ ವೆಲ್ಡ್ ಮಾಡಿ ಕೂರಿಸಿದ್ದ. ನೋಡಲು ಬಹಳ ಅಚ್ಚುಕಟ್ಟು. ಆದರೆ ಇಂಜಿನ್ ಕೂತಿರುವುದು ರಬ್ಬರಿನ ಮೇಲೆ. ಕ್ಲಚ್ ಬಿಟ್ಟಾಗ ಇಂಜಿನ್ ತನ್ನ ಬಲಕ್ಕೆ ತಾನೇ ಹಿಂದಕ್ಕೆ ವಾಲುತ್ತದೆ. ಅದರೊಡನೆ ಕಾರ್ಬುರೇಟರೂ ವಾಲುತ್ತದೆ. ಕವಚದ ತುದಿ ಮಾತ್ರ ಚೌಕಟ್ಟಿನಲ್ಲಿ ನಿಂತೇ ಇರುತ್ತದೆ. ನಡುವಿನ ಅಂತರ ಹೆಚ್ಚಿತೆಂದರೆ ಒಳವೈರು ಎಳೆದಂತೆಯೇ ಆಯಿತು. ಕಾಲು ಪೆಡಲಿನ ಮೇಲೆ ಇಲ್ಲದಿದ್ದರೂ ರೇಸ್ ಏರುತ್ತದೆ. ರೇಸ್ ಏರಿದರೆ ಇಂಜಿನ್ ಇನ್ನೂ ವಾಲುತ್ತದೆ, ಇನ್ನೂ ಎಳೆಯುತ್ತದೆ. ಗಾಡಿ ಮುಂದೆ ನುಗ್ಗಿ ಇಂಜಿನ್ ಮರಳಿದಾಗ ರೇಸ್ ಇಳಿಯುತ್ತದೆ. ಕುಣಿತ ಎಂದರೆ ಇಷ್ಟೇ.

ಪರಿಹಾರ ಸರಳ. ಕವಚದ ಆ ತುದಿಯನ್ನು ಹಿಡಿಯುವ ಬ್ರಾಕೆಟ್ಟು ಇಂಜಿನ್ನಿನ ಮೇಲೆಯೇ, ಕಾರ್ಬುರೇಟರಿನ ಪಕ್ಕದಲ್ಲೇ ಇರಬೇಕು. ಆಗ ಇಂಜಿನ್ ವಾಲಿದರೆ ಎರಡೂ ಒಟ್ಟಿಗೆ ವಾಲುತ್ತವೆ, ನಡುವಿನ ಅಂತರ ಬದಲಾಗುವುದಿಲ್ಲ. ಚೌಕಟ್ಟಿನಿಂದ ಇಂಜಿನ್ನಿಗೆ ದಾಟುವಲ್ಲಿ ಕವಚಕ್ಕೆ ಒಂದು ಸಡಿಲವಾದ ಬಳುಕು ಬಿಡಬೇಕು, ಅಲುಗಾಟವನ್ನು ಆ ಬಳುಕು ನುಂಗಿಕೊಳ್ಳುತ್ತದೆ. ಮಾರುತಿಯ ಕಾರ್ಖಾನೆಯವರು ಇದನ್ನು ಮಾಡಿಯೇ ಇದ್ದರು. ಹಳೆಯ ಬ್ರಾಕೆಟ್ಟು ಶೆಡ್ಡಿನ ಮೂಲೆಯ ಡಬ್ಬಿಯಲ್ಲಿ ಬಿದ್ದಿತ್ತು. ಉಪಯೋಗವಿಲ್ಲವೆಂದು ಹುಡುಗ ಬಿಚ್ಚಿ ಎಸೆದಿದ್ದ!

ಮರುದಿನ ಬೆಳಿಗ್ಗೆ ಹುಮನಾಬಾದಿಗೆ ಹೋದೆವು. ಮಾರುತಿಯ ಸ್ವಂತ ವೈರು ಹಿಂದಿನ ಇಂಜಿನ್ನಿಗೆ ಮುಟ್ಟದೆಂದು ಹುಡುಗ ಎರಡು ವೈರುಗಳನ್ನು ನಡುವೆ ಕರೆಂಟಿನ ಕನೆಕ್ಟರಿನಿಂದ ಜೋಡಿಸಿದ್ದ. ಸ್ಕ್ರೂ ಬಿಗಿದಲ್ಲಿ ಎಳೆಗಳು ಅರ್ಧ ಕತ್ತರಿಸಿದ್ದವು. ವೈರಿಗೆ ಗಂಟು ಕೂಡದು, ಒಂದೇ ಉದ್ದ ಇರಬೇಕು. ಮುಂದಿನಿಂದ ಹಿಂದಕ್ಕೆ ಓಡುವ ಅಷ್ಟು ಉದ್ದದ ವೈರು ಯಾವ ಗಾಡಿಯಲ್ಲಿದೆ? ಆಟೋರಿಕ್ಷಾದಲ್ಲಿ. ಹ್ಯಾಂಡಲು ಮುಂದೆ, ಇಂಜಿನ್ನು ಹಿಂದೆ. ಆಟೋ ಬಿಡಿಭಾಗದ ಅಂಗಡಿಯಲ್ಲಿ ರೇಸ್ ವೈರೂ ಕ್ಲಚ್ ವೈರೂ ಸಿಕ್ಕವು. ಕೈಯಿಂದ ತಿರುಗಿಸುವ ರೇಸ್ ವೈರು ಸಣ್ಣದು, ಕಾಲಿನ ಭಾರಕ್ಕೆ ಸಾಲದೆಂದು ದಪ್ಪನೆಯ ಕ್ಲಚ್ ವೈರನ್ನೇ ಆರಿಸಿದೆವು. ಒಂದು ತುದಿಯಲ್ಲಿ ಕಾರ್ಖಾನೆಯ ಗುಂಡು ಇತ್ತು. ಇನ್ನೊಂದನ್ನು ಅಳತೆಗೆ ಕತ್ತರಿಸಿ, ಹಿತ್ತಾಳೆಯ ಗುಂಡಿನೊಳಗೆ ತೂರಿಸಿ, ತುದಿಯ ಎಳೆಗಳನ್ನು ಹೂವಿನಂತೆ ಬಿಡಿಸಿ ಬೆಸುಗೆ ತುಂಬಿದೆವು. ಹಾಗೆ ಬಿಡಿಸದೆ ಬರಿದೆ ಬೆಸೆದ ಗುಂಡು ಒಂದು ದಿನ ಜಾರಿ ಬರುತ್ತದೆ.

ಇನ್ನು ಅಳತೆ. ಇಲ್ಲಿ ಒಂದು ಅಡಿಪಟ್ಟಿ ಇದ್ದರೆ ಸಾಕು. ಕಾರ್ಬುರೇಟರಿನ ಗಾಳಿಬಾಗಿಲು ಪೂರ್ತಿ ಮುಚ್ಚಿದಲ್ಲಿಂದ ಪೂರ್ತಿ ತೆರೆಯುವವರೆಗೆ ವೈರು 28 ಮಿಲಿಮೀಟರ್ ಎಳೆಯಬೇಕಿತ್ತು. ಪೆಡಲಿನ ಕೀಲಿನಿಂದ ಪಾದ ಊರುವ ಜಾಗಕ್ಕೆ 21 ಸೆಂಟಿಮೀಟರ್. ಪಾದ ಆರಾಮವಾಗಿ ಒತ್ತುವುದು 9 ಸೆಂಟಿಮೀಟರ್. ಹುಡುಗ ವೈರು ಸಿಕ್ಕಿಸಿದ್ದ ತೂತು ಕೀಲಿನಿಂದ 10 ಸೆಂಟಿಮೀಟರಿನಲ್ಲಿ. ಲೆಕ್ಕ ಹಾಕಿದರೆ ಪೂರ್ತಿ ಒತ್ತಿದಾಗ ವೈರು ಸುಮಾರು 43 ಮಿಲಿಮೀಟರ್ ಎಳೆಯಿತು. ಬೇಕಾದ್ದು 28. ಅಂದರೆ ಪೆಡಲು ಮೂರರಲ್ಲಿ ಎರಡು ಪಾಲು ಇಳಿಯುವುದರೊಳಗೆ ರೇಸ್ ಪೂರ್ತಿ ತೆರೆದು, ಮಿಕ್ಕ ಒತ್ತಡವೆಲ್ಲ ವೈರಿನ ಗುಂಡನ್ನೂ ಕಾರ್ಬುರೇಟರಿನ ದಂಡವನ್ನೂ ಜಗ್ಗುತ್ತಿತ್ತು. ತೂತನ್ನು 7 ಸೆಂಟಿಮೀಟರಿಗೆ ಇಳಿಸಿದೆವು. ಈಗ 30 ಮಿಲಿಮೀಟರ್. ಎರಡು ಮಿಲಿಮೀಟರ್ ಸಡಿಲ ಬಿಟ್ಟರೆ ಸರಿಹೋಯಿತು. ಆ ಸಡಿಲವನ್ನು ಜಿಪುಣತನದಿಂದ ತೆಗೆಯಬಾರದು. ವೈರು ಬಿಗಿಯಾಗಿದ್ದರೆ ಗಾಳಿಬಾಗಿಲು ಎಂದೂ ಪೂರ್ತಿ ಮುಚ್ಚುವುದಿಲ್ಲ, ಐಡ್ಲಿಂಗ್ ಸ್ಕ್ರೂ ಎಷ್ಟು ತಿರುಗಿಸಿದರೂ ಫಲವಿಲ್ಲ. ಪೆಡಲಿನ ಕೆಳಗೆ ಒಂದು ಬೋಲ್ಟು ನಿಲ್ಲಿಸಿ, ರೇಸ್ ಪೂರ್ತಿಯಾದೊಡನೆ ಪೆಡಲು ಅದಕ್ಕೆ ತಾಗುವಂತೆ ಮಾಡಿದೆವು. ಮನುಷ್ಯನ ಕಾಲಿನ ಭಾರ ಬೋಲ್ಟಿನ ಮೇಲೆ ಬೀಳಲಿ, ವೈರಿನ ಮೇಲೆ ಬೇಡ.

ವೈರಿನ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೈಲೆನ್ಸರಿನ ಹತ್ತಿರ ಹೋದರೆ ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ವೈರನ್ನು ಹಿಡಿಯುತ್ತದೆ. ಚೂಪಾಗಿ ಮಡಿಸಿದರೆ ಉಜ್ಜುತ್ತದೆ. ಆದರೆ ಎಣ್ಣೆಯ ವಿಷಯದಲ್ಲಿ ಹುಡುಗನಿಗೂ ನಮಗೂ ಚರ್ಚೆಯಾಯಿತು. ಪ್ಲಾಸ್ಟಿಕ್ ಕೊಳವೆಯಿರುವ ವೈರಿಗೆ ಗ್ರೀಸು ತುಂಬಬಾರದು. ನಿರ್ಣಾದ ಕೆಂಪು ಧೂಳು ಗ್ರೀಸಿಗೆ ಅಂಟಿ ಸಾಣೆಯ ಕಲ್ಲಿನಂತಾಗುತ್ತದೆ. ಕೊಳವೆಯಿಲ್ಲದ ಹಳೆಯ ಮಾದರಿಗೆ ನಾಲ್ಕು ಹನಿ ತೆಳು ಎಣ್ಣೆ ಬೇಕೇ ಬೇಕು. ನಮ್ಮ ಕಡೆ ಧೂಳಿನ ಬದಲು ನೀರು. ಮಳೆಗಾಲದಲ್ಲಿ ಮೇಲಿನ ತುದಿಯಿಂದ ಇಳಿದ ನೀರು ಕವಚದ ತಗ್ಗಿನಲ್ಲಿ ನಿಂತು ತುಕ್ಕಾಗುತ್ತದೆ. ಬೋರ್ಡೋ ದ್ರಾವಣ ಹೊಡೆಯುವ ಇಂಜಿನ್ನಿನ ವೈರಿಗಂತೂ ಮೈಲುತುತ್ತದ ಹನಿ ಬಿದ್ದರೆ ಉಕ್ಕಿನ ಎಳೆಗಳು ಬೇಗ ತಿನ್ನಿಸಿಕೊಳ್ಳುತ್ತವೆ. ಮುರಿದ ಒಂದು ಎಳೆ ಕವಚದ ಬಾಯಿಗೆ ಮುಳ್ಳಿನಂತೆ ಸಿಕ್ಕಿಕೊಂಡರೆ ಸಾಕು, ರೇಸ್ ಇದ್ದಲ್ಲೇ ನಿಂತುಬಿಡುತ್ತದೆ. ಪ್ರತಿ ವರ್ಷ ಮೇ ಕೊನೆಯಲ್ಲಿ ಸ್ಪ್ರೇಯರು ಹೊರತೆಗೆಯುವಾಗ ಗುಂಡಿನ ಬಳಿ ಬೆರಳಾಡಿಸಿ ನೋಡಿ. ಚುಚ್ಚಿದರೆ ವೈರು ಬದಲಿಸಿ.

ಸಜಿಪಮೂಡದ ಗಣಪತಿ ಭಟ್ಟರ ಅಡಿಕೆ ಮರ ಹತ್ತುವ ಇಂಜಿನ್ ಗಾಡಿ 2019ರಲ್ಲಿ ದೇಶವೆಲ್ಲ ಮಾತಾಯಿತು, ಸದಸ್ಯರಿಗೆ ನೆನಪಿರಬಹುದು. ಮರದ ತುದಿಯಲ್ಲಿ ಕೂತವನಿಗೆ ರೇಸು ಎಂದರೆ ಏನೆಂದು ಅವರನ್ನು ಕೇಳಬೇಕು!

ಅತಿ ಮುಖ್ಯವಾದದ್ದು ಸ್ಪ್ರಿಂಗು. ವೈರು ಎಳೆಯಬಲ್ಲದು, ತಳ್ಳಲಾರದು. ಹುಡುಗನ ಗಾಡಿಯಲ್ಲಿ ಪೆಡಲಿಗೆ ಬಲವಾದ ಸ್ಪ್ರಿಂಗ್ ಇತ್ತು, ಕಾಲು ತೆಗೆದರೆ ಪೆಡಲು ಚಟ್ಟನೆ ಮೇಲೇಳುತ್ತಿತ್ತು. ಆದರೆ ಕಾರ್ಬುರೇಟರಿನ ಸ್ವಂತ ಸ್ಪ್ರಿಂಗ್ ಹಳತಾಗಿ ಸೋತಿತ್ತು. ವೈರು ಕವಚದೊಳಗೆ ಹಿಡಿದುಕೊಂಡರೆ ಪೆಡಲು ಮೇಲೆ ಬಂದಿರುತ್ತದೆ, ಗಾಳಿಬಾಗಿಲು ತೆರೆದೇ ಇರುತ್ತದೆ. ಮುಚ್ಚುವ ಸ್ಪ್ರಿಂಗು ಕಾರ್ಬುರೇಟರಿನ ಬಳಿಯೇ ಇರಬೇಕು, ಅದೂ ಒಂದಲ್ಲ, ಎರಡು. ಅಮೆರಿಕದಲ್ಲಿ 1973ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ 124ನೇ ಸಂಖ್ಯೆಯ ವಾಹನ ಸುರಕ್ಷತಾ ನಿಯಮ ಇದನ್ನೇ ಹೇಳುತ್ತದೆ. ರೇಸನ್ನು ಮುಚ್ಚಲು ಕನಿಷ್ಠ ಎರಡು ಪ್ರತ್ಯೇಕ ಬಲಗಳಿರಬೇಕು, ಒಂದು ಸೋತರೂ ಇನ್ನೊಂದು ಮುಚ್ಚಬೇಕು, ಸಣ್ಣ ವಾಹನದಲ್ಲಿ ಒಂದು ಸೆಕೆಂಡಿನೊಳಗೆ. ವೈರೇ ಇಲ್ಲದ ಇಂದಿನ ಕಾರುಗಳಿಗೂ ಪೆಡಲಿನ ಕಾಟ ತಪ್ಪಿಲ್ಲ. ಟೊಯೊಟಾದವರು 2009–10ರಲ್ಲಿ ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಿದ್ದು ಪೆಡಲು ಸರಿಯಾಗಿ ಮರಳದ ಕಾರಣಕ್ಕೆ, ಕಾಲ್ಚಾಪೆಗೆ ಸಿಕ್ಕಿಕೊಳ್ಳುವ ಕಾರಣಕ್ಕೆ. ಇಲ್ಲಿಯೂ ಮದುವೆಯ ಗಾಡಿಯೆಂದು ಒಳಗೆ ಜಮಖಾನ ಹಾಸಿದ್ದರು. ಅದನ್ನು ನಾವು ಮೊದಲೇ ತೆಗೆಸಿದ್ದೆವು.

ಒಂದು ಸ್ಪ್ರಿಂಗು ಹುಮನಾಬಾದಿನಲ್ಲಿ ಸಿಕ್ಕಿತು. ಎರಡನೆಯದಕ್ಕೆ ಸರಿಯಾದ ಬಿಗಿಯದು ಎಲ್ಲಿಯೂ ಸಿಗಲಿಲ್ಲ. ಮೊಪೆಡ್ ಸ್ಟ್ಯಾಂಡಿನ ಸ್ಪ್ರಿಂಗು ಹಾಕಿ ನೋಡಿದೆವು. ಪೆಡಲು ಒತ್ತಲು ಎರಡು ಕಾಲು ಬೇಕಾಯಿತು. ಸೈಕಲ್ಲಿನದು ತೀರ ಸಡಿಲ. ಮದುವೆಗೆ ಒಂದೇ ರಾತ್ರಿ ಉಳಿದಿತ್ತು. ಹುಡುಗ ಹೊಸ ಬ್ರಾಕೆಟ್ಟಿನೊಡನೆ ಹೊಲದಲ್ಲಿ ನಾಲ್ಕು ಸುತ್ತು ಬಂದ. ಕುಣಿತ ಪೂರ್ತಿ ನಿಂತಿತ್ತು. "ಈಗ ಆಯ್ತಲ್ರಿ ಕಾಕಾ, ಒಂದ ಸ್ಪ್ರಿಂಗ ಸಾಕ್ರಿ, ನಾಳಿ ಒಂದಿನ" ಎಂದ.

ಸದ್ಯಕ್ಕೆ ಸಾಕು ಎಂಬ ಮಾತನ್ನು ನಾವೂ ಆಡಿದ್ದೆವು. ಜೀಪಿನ ಕಥೆಯನ್ನು ಅಂದು ರಾತ್ರಿ ಅವನಿಗೆ ಹೇಳಿದೆವು. ಅವನ ತಂದೆಗೂ ಆ ಸಂಗತಿ ಗೊತ್ತಿರಲಿಲ್ಲ, ಇಪ್ಪತ್ತು ವರ್ಷದಲ್ಲಿ ನಾವು ಬರೆದಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಂದು ಉಪಾಯ ತೋರಿತು. ರೇಸೇ ಇಲ್ಲದೆ ಮೆರವಣಿಗೆ ಮಾಡಿದರೆ ಹೇಗೆ? ಸಮನೆಲದಲ್ಲಿ ಮೊದಲ ಗೇರಿನಲ್ಲಿ ಬರೀ ಐಡ್ಲಿಂಗಿನ ಮೇಲೆ ಮಾರುತಿಯ ಇಂಜಿನ್ ಗಾಡಿಯನ್ನು ಗಂಟೆಗೆ ಐದಾರು ಕಿಲೋಮೀಟರ್ ವೇಗದಲ್ಲಿ, ಅಂದರೆ ಮನುಷ್ಯನ ಬಿರುಸು ನಡಿಗೆಯಲ್ಲಿ, ಎಳೆಯುತ್ತದೆ. ವೈರನ್ನೇ ಕಳಚಿಟ್ಟರೆ ಅದು ಸಿಕ್ಕಿಕೊಳ್ಳುವ ಮಾತಿಲ್ಲ. ಹುಡುಗನಿಗೆ ಸ್ವಲ್ಪ ಬೇಸರವಾಯಿತು. ಎರಡು ವರ್ಷ ಕಟ್ಟಿದ ಗಾಡಿಯನ್ನು ಎತ್ತಿನ ಬಂಡಿಗಿಂತ ನಿಧಾನ ಓಡಿಸಬೇಕಲ್ಲ! ಆದರೂ ತಾನೇ ಸ್ಪ್ಯಾನರು ತಂದು ವೈರು ಕಳಚಿದ.

ಜೊತೆಗೆ ಒಂದು ಪಾಠವನ್ನೂ ಬಾಯಿಪಾಠ ಮಾಡಿಸಿದೆವು, ಸದಸ್ಯರೂ ನೆನಪಿಟ್ಟುಕೊಳ್ಳಬಹುದು. ರೇಸ್ ಸಿಕ್ಕಿಕೊಂಡರೆ ಮೊದಲು ಕ್ಲಚ್ ಒತ್ತು. ಇಂಜಿನ್ ಕಿರುಚಿಕೊಳ್ಳಲಿ ಬಿಡು. ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿ. ಬಿಟ್ಟು ಬಿಟ್ಟು ಒತ್ತಿದರೆ ಬೂಸ್ಟರಿನಲ್ಲಿದ್ದ ಬಲ ತೀರಿ ಬ್ರೇಕು ಕಲ್ಲಾಗುತ್ತದೆ, ರೇಸ್ ತೆರೆದಿರುವಾಗ ಅದು ಮತ್ತೆ ತುಂಬಿಕೊಳ್ಳುವುದಿಲ್ಲ. ಕೀಲಿಯನ್ನು ಒಂದು ಹೆಜ್ಜೆ ಮಾತ್ರ ಹಿಂದಕ್ಕೆ ತಿರುಗಿಸು, ಹೊರಗೆ ಎಳೆಯಬೇಡ, ಸ್ಟೀರಿಂಗ್ ಬೀಗ ಬೀಳುತ್ತದೆ. ಹಳೆಯ ಡೀಸೆಲ್ ಗಾಡಿಯಾದರೆ ನಿಲ್ಲಿಸುವ ಗುಬುಟು ಎಲ್ಲಿದೆಯೆಂದು ಕಣ್ಣು ಮುಚ್ಚಿಕೊಂಡು ಮುಟ್ಟಲು ಬರಬೇಕು.

ಮದುವೆಯ ದಿನ ಹುಡುಗ ಸ್ಟೀರಿಂಗ್ ಹಿಡಿದ. ವಧೂವರರು ಹಿಂದಿನ ಇಂಜಿನ್ನಿನ ಕಾವಿಗೂ ಮೇಲಿನ ಬಿಸಿಲಿಗೂ ಬೆವರುತ್ತ ನಗುತ್ತಿದ್ದರು. ಗಾಡಿಯ ಪಕ್ಕದಲ್ಲಿ ನಡೆದು ಬಂದೆವು. ಒಬ್ಬ ಪೋರ ಓಡಿಬಂದು ಮುಂದಿನ ಚಕ್ರದ ಎದುರಿಗೇ ಬಿದ್ದ ಹೂವು ಆರಿಸಲು ಬಗ್ಗಿದ. ಹುಡುಗ ಕ್ಲಚ್ ಒತ್ತಿದ, ಗಾಡಿ ಅಲ್ಲೇ ನಿಂತಿತು. ಪೋರ ಹೂವು ಆರಿಸಿಕೊಂಡು ಹೋದ. ಅವನ ತಾಯಿಯೂ ನೋಡಲಿಲ್ಲ. ನಾವು ನೋಡಿದೆವು, ಹುಡುಗ ನೋಡಿದ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. ಆ ಗಾಡಿ ಹೊಲದ ಗಡಿ ದಾಟುವಂತಿಲ್ಲ. ಮನೆಯಲ್ಲಿ ಕಟ್ಟಿದ ವಾಹನಕ್ಕೆ ನೋಂದಣಿ ಸಿಗುವುದು ಸುಲಭದ ಮಾತಲ್ಲ. ನೋಂದಣಿಯಾದ ವಾಹನವನ್ನು ಕೂಡ ತಯಾರಕರ ವಿವರಕ್ಕೆ ವ್ಯತ್ಯಾಸವಾಗುವಂತೆ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತವಾಗಿ ಹೇಳಿದೆ. ಜೀಪಿನ ಇಂಜಿನ್ ಬದಲಿಸುವ ಸದಸ್ಯರು ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯುವುದು ಲೇಸು. ಅನುಮತಿಯಿಲ್ಲದ ಗಾಡಿ ಅಪಘಾತಕ್ಕೀಡಾದರೆ ವಿಮೆಯವರು ಮೊದಲು ತೆಗೆಯುವುದು ಈ ತಕರಾರನ್ನೇ.

ಎರಡನೆಯ ಸ್ಪ್ರಿಂಗು ಮದುವೆಯ ಹದಿನೈದು ದಿನದ ಮೇಲೆ ಬೀದರಿನಲ್ಲಿ ಸಿಕ್ಕಿತಂತೆ. ಒಂದನ್ನು ಕಳಚಿ, ವೈರು ಪೂರ್ತಿ ಎಳೆದು ಬಿಟ್ಟು, ಇನ್ನೊಂದೇ ಮುಚ್ಚುತ್ತದೆಯೇ ನೋಡು, ಆಮೇಲೆ ಅದನ್ನು ಕಳಚಿ ಇದನ್ನು ನೋಡು ಎಂದು ಫೋನಿನಲ್ಲಿ ಹೇಳಿದೆವು. ಎರಡೂ ಮುಚ್ಚಿದವಂತೆ. ಈಗ ಅವನು ಹಿಂದಿನ ಬ್ರೇಕು ಮುಂಚೆ ಹಿಡಿಯುತ್ತದೆಂದು ಕೇಳುತ್ತಿದ್ದಾನೆ. ಅದು ನಮಗೆ ತಿಳಿಯದ ವಿಷಯ. ಸದಸ್ಯರಲ್ಲಿ ಬಲ್ಲವರಿದ್ದರೆ ಸಂಘದ ಕಚೇರಿಗೆ ಒಂದು ಕಾರ್ಡು ಬರೆಯಬೇಕಾಗಿ ಕೋರುತ್ತೇವೆ.